ಸುಂದರಿ ಹೇಳಿದ ಹೆಸರು

ವಾಶಿಯ ಸಭಾಭವನದ ಹಿಂದಿನ ಕೋಣೆಯಲ್ಲಿ, ಮುಖದ ಬಣ್ಣವನ್ನು ಇನ್ನೂ ತೆಗೆಯದ ಮಗನ ಕೆನ್ನೆಗೆ ಸುಂದರಿ ಹೊಡೆದಳು. ಅರವತ್ತೆಂಟು ವರ್ಷದ ಕೈ. ಆದರೂ ಆ ಸಪ್ಪಳಕ್ಕೆ, ವೇಷ ಬಿಚ್ಚುತ್ತಿದ್ದ ನಾಲ್ಕು ಜನ ತಿರುಗಿ ನೋಡಿದರು. ಅವಳ ಅಂಗೈಗೆ ಹಳದಿ ಬಣ್ಣ ಹತ್ತಿತು. ಎರಡನೆಯ ಸಲ ಎತ್ತಿದ ಕೈಯನ್ನು ಹಿತೇಶ ಹಿಡಿದುಕೊಂಡ.

"ಅಮ್ಮ, ಜನ ನೋಡ್ತಾರೆ."

"ನೋಡ್ಲಿ. ಸ್ಟೇಜಿನ ಮೇಲೆ ನಿನ್ನನ್ನು ನೋಡಿದ್ರಲ್ಲ, ಇದನ್ನೂ ನೋಡ್ಲಿ."

ಸುಂದರಿ ಪಾಡ್ದನ ಹೇಳುವವಳು. ದೈವ ಹುಟ್ಟಿದ್ದು, ನಡೆದ ದಾರಿ, ತೀರಿಸಿದ ನ್ಯಾಯ, ಇದೆಲ್ಲವನ್ನೂ ಹಾಡಿ ಹೇಳುವುದು ಅವಳ ಮನೆತನದ ಹೆಂಗಸರ ಕೆಲಸ. ಬೆನ್ನಿಗೆ ತೆಂಗಿನ ಗರಿಯ ದೊಡ್ಡ ಅಣಿ ಕಟ್ಟಿ, ಕಾಲಿಗೆ ಗೆಜ್ಜೆಯಂಥ ಗಗ್ಗರ ಹಾಕಿ ಕೋಲದಲ್ಲಿ ದೈವವಾಗಿ ನಿಲ್ಲುವುದು ಗಂಡಸರ ಕೆಲಸ. ಉಡುಪಿಯ ಕಡೆಯ ಊರಿನಲ್ಲಿ ಗಂಡ ಭುಜಂಗ ಅಣಿ ಕಟ್ಟಿದಷ್ಟು ಕಾಲವೂ ಅವಳು ಪಕ್ಕದಲ್ಲಿ ನಿಂತು ತೆಂಬರೆ ಬಾರಿಸುತ್ತ ಹಾಡಿದ್ದಳು. ಅವನು ತೀರಿಕೊಂಡ ಮೇಲೆ ಕೋಪರಖೈರಣೆಗೆ, ಮಗನ ಮನೆಗೆ ಬಂದಳು. ನಾಲ್ಕು ವರ್ಷದ ಹಿಂದೆ ಅವಳಿಗೆ ದಿಲ್ಲಿಯಲ್ಲಿ ರಾಷ್ಟ್ರೀಯ ಲೋಕಕಲಾ ಸಮ್ಮಾನ ಸಿಕ್ಕಿತ್ತು. ತಾಮ್ರಪತ್ರ, ಶಾಲು, ತಿಂಗಳು ತಿಂಗಳು ಸಣ್ಣದೊಂದು ಗೌರವಧನ.

ಅಂದು ವಾಶಿಯಲ್ಲಿ ನಡೆದದ್ದು ಅದೇ ದಿಲ್ಲಿ ಸರಕಾರದ ಜನಪದ ಉತ್ಸವ. ಹಾಡಲು ಅವಳನ್ನು ಕರೆದಿದ್ದರು. ಹಾಡುವ ಮೊದಲು ದೀಪಗಳೆಲ್ಲ ಆರಿದವು. ಬಣ್ಣದ ಹೊಗೆ ಎದ್ದಿತು, ಸ್ಪೀಕರಿನಲ್ಲಿ ಡ್ರಮ್ಮು ಬಡಿಯಿತು. ಹೊಗೆಯೊಳಗಿಂದ ದೈವ ಬಂತು. ಕುಣಿಯುತ್ತ ಮೆಟ್ಟಿಲಿಳಿದು ಸೋಫಾದ ಮೇಲೆ ಕೂತ ಮಂತ್ರಿಯ ಎದುರು ಹೋಗಿ, ಹಾರ ಹಾಕಿ, ಫೋಟೋದವರು ಹೇಳಿದಂತೆ ಮಂಡಿಯೂರಿತು. ಆಗ ಸುಂದರಿಗೆ ಕಂಡದ್ದು ಎಡಗಾಲಿನ ಸೊಟ್ಟ ಕಿರುಬೆರಳು. ಅದನ್ನು ಹೆತ್ತವಳು ಅವಳೇ. ತೆಂಬರೆಯನ್ನು ನೆಲಕ್ಕಿಟ್ಟು, ಹಾಡದೆ, ಸ್ಟೇಜಿನಿಂದ ಇಳಿದುಬಿಟ್ಟಳು.

ಮನೆಗೆ ಬಂದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ಸೊಸೆ ಮಾನಸಿ ಅನ್ನ, ಬಂಗುಡೆ ಸಾರು ಬಡಿಸಿ, ಯಾರಾದರೂ ಮೊದಲು ಉಣ್ಣಲಿ ಎಂದು ಕಾದಳು.

"ನಿನ್ನ ಅಪ್ಪ ಅಣಿ ಮುಟ್ಟುವ ಮೊದಲು ಮೂರು ದಿನ ಮೀನು ಮುಟ್ತಿರ್ಲಿಲ್ಲ," ಎಂದಳು ಸುಂದರಿ. "ದೈವಸ್ಥಾನದಿಂದ ಮೈಗೆ ಎಣ್ಣೆ ತೆಗೊಂಡು, ಮಿಂದು, ದೈವದ ಅಪ್ಪಣೆ ಕೇಳಿ ಮತ್ತೆ ಬಣ್ಣ. ನೀನು ಸ್ಟೇಷನ್ನಿನಲ್ಲಿ ವಡಾಪಾವ್ ತಿಂದು ಹೋಗಿ ದೈವ ಆದೆ."

"ದೈವ ಆಗ್ಲಿಲ್ಲ ಅಮ್ಮ. ಡ್ಯಾನ್ಸ್ ಮಾಡಿದ್ದು. ಎರಡೂ ಬೇರೆ."

"ಗಗ್ಗರ ಬೇರೆಯಾ? ಅಪ್ಪನದ್ದೇ ಗಗ್ಗರ ಅಲ್ವಾ ಅದು?"

ಹಿತೇಶ ಠಾಣೆಯ ಒಂದು ಕೊರಿಯರ್ ಗೋದಾಮಿನಲ್ಲಿ ಸೂಪರ್‌ವೈಸರ್. ಭಾನುವಾರಗಳಲ್ಲಿ ಮದುವೆಗೆ, ಕಂಪೆನಿಗಳ ಫಂಕ್ಷನ್ನಿಗೆ ತಂಡ ಕಟ್ಟಿಕೊಂಡು ಹೋಗುತ್ತಿದ್ದ. ಅದು ಮಾನಸಿಗೆ ಗೊತ್ತಿತ್ತು, ತಾಯಿಗೆ ಗೊತ್ತಿರಲಿಲ್ಲ.

"ಊರಲ್ಲಿ ಕೋಲದ ದಿನ ಅಪ್ಪನ ಕಾಲಿಗೆ ಬೀಳ್ತಿದ್ರು," ಎಂದ ಅವನು. "ಮರುದಿನ ಅದೇ ಅಪ್ಪನಿಗೆ ಅಂಗಳದ ಹೊರಗೆ ಬಾಳೆಲೆ. ನಾನೂ ಪಕ್ಕದಲ್ಲಿ ಕೂತು ಉಂಡಿದ್ದೇನೆ, ಮರೆತಿಲ್ಲ. ಇಲ್ಲಿ ನನಗೆ ಕುರ್ಚಿ ಕೊಡ್ತಾರೆ. ಹಿತೇಶ್ ಸರ್ ಅಂತಾರೆ. ನಿನಗೆ ಬೇಡದಿದ್ರೆ ಬೇಡ, ನನಗೆ ಬೇಕು."

"ಹೊರಗೆ ಕೂರಿಸಿದ್ದು ದೈವವಾ? ಆ ಮನೆಯವರು. ಅವರ ಮೇಲಿನ ಸಿಟ್ಟು ದೈವದ ಮೇಲೆ ಯಾಕೆ ತೀರಿಸ್ತಿ?"

"ಅವರ ಮೇಲೆ ತೀರಿಸ್ಲಿಕ್ಕೆ ನಿಮ್ಮಿಂದ ಆಯ್ತಾ?"

"ಆಗ್ಲಿಲ್ಲ. ಅದಕ್ಕೆ ದೈವವನ್ನು ಮಂತ್ರಿಯ ಕಾಲಬುಡಕ್ಕೆ ಹಾಕ್ತಿಯಾ? ಥೂ ನಿನ್ನ!"

ಹಿತೇಶ ತಟ್ಟೆಯನ್ನೆತ್ತಿ ಗೋಡೆಗೆ ಬೀಸಿದ. ಸಾರು ಗೋಡೆಯ ಮೇಲಿಂದ ಟಿವಿಯ ಹಿಂದಕ್ಕೆ ಇಳಿಯಿತು. ಒಳಕೋಣೆಯಿಂದ ಹದಿನೈದರ ಮಗಳು ಇಂಚರ ಓಡಿಬಂದಳು. "ಪಪ್ಪಾ, ಪಾಗಲ್ ಹೋ ಗಯೇ ಹೋ ಕ್ಯಾ?" ಎಂದು ಕಿರುಚಿದಳು. ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಮಾನಸಿ ಒದ್ದೆ ಬಟ್ಟೆ ತಂದು ಗೋಡೆ ಒರೆಸತೊಡಗಿದಳು.

ಮರುದಿನ ಬೆಳಿಗ್ಗೆ ಸುಂದರಿ ಮೊಮ್ಮಗಳನ್ನು ಕರೆದಳು. "ಒಂದು ಕಾಗದ ಬರಿ, ಮಗಾ."

"ಕನ್ನಡ ಲಿಖನಾ ನಹೀ ಆತಾ, ಅಜ್ಜಿ."

"ದಿಲ್ಲಿಯವರಿಗೆ ಕನ್ನಡ ಓದ್ಲಿಕ್ಕೆ ಬರ್ತದಾ? ಹಿಂದಿಯಲ್ಲೇ ಬರಿ."

ಸುಂದರಿ ಹೇಳಿದಳು, ಇಂಚರ ಬರೆದಳು. 'ನನ್ನ ದೈವವನ್ನು ನಿಮ್ಮ ಸೋಫಾದ ಎದುರು ಮಂಡಿಯೂರಿಸಿದಿರಿ. ದೈವ ಯಾರಿಗೂ ಮಂಡಿಯೂರುವುದಿಲ್ಲ. ಆ ಹಾಡಿಗಾಗಿ ನೀವು ಕೊಟ್ಟ ಗೌರವ ಇನ್ನು ನನ್ನ ಮನೆಯಲ್ಲಿ ಇರುವುದು ಸರಿಯಲ್ಲ. ಹಿಂದೆ ತೆಗೆದುಕೊಳ್ಳಿ.'

"ಪಪ್ಪಾ ಕಾ ನಾಮ್ ಲಿಖೂ?"

"ಬೇಡ. ಮಾಡಿಸಿದವರಿಗೆ ಬರೆಯುವುದು. ಕೂಲಿಗೆ ಮಾಡಿದವನ ಹೆಸರು ಯಾಕೆ?"

ಮಾನಸಿ ಮಾರ್ಕೆಟ್ಟಿನ ಮಸಾಲೆ ಅಂಗಡಿಗೆ ಹೊರಟಿದ್ದಳು. ಅಲ್ಲಿ ಬಿಲ್ಲು ಬರೆಯುವ ಕೆಲಸ ಅವಳದ್ದು. ಬಾಗಿಲಲ್ಲೇ ನಿಂತಳು. "ಮಾಮಿ, ನಿಮ್ಮ ಬಿಪಿ ಮಾತ್ರೆ ಆ ಗೌರವಧನದಲ್ಲೇ ಬರುವುದು. ಸ್ವಲ್ಪ ಯೋಚನೆ ಮಾಡಿ."

"ಮಾತ್ರೆ ಇಲ್ಲದೆ ನನ್ನ ಅಮ್ಮ ಎಂಬತ್ತು ದಾಟಿದ್ದಾಳೆ."

ಅಜ್ಜಿ ಮೊಮ್ಮಗಳು ಲೋಕಲಿನಲ್ಲಿ ಠಾಣೆಗೆ ಹೋದರು. ಅಲ್ಲಿಯ ಸರಕಾರಿ ಕಚೇರಿಯೊಂದರಲ್ಲಿ ಮೂರು ಕಿಟಕಿ ಸುತ್ತಿಸಿದ ಮೇಲೆ ಗುಮಾಸ್ತನೊಬ್ಬ ಕಾಗದ ತೆಗೆದುಕೊಂಡು, ತಾಮ್ರಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. "ಆಜಿ, ಪುರಸ್ಕಾರ ಘ್ಯಾಯಚಾ ಅಸತೋ, ಪರತ್ ದ್ಯಾಯಚಾ ನಸತೋ," ಎಂದು ನಕ್ಕ. ಪ್ರಶಸ್ತಿ ತೆಗೆದುಕೊಳ್ಳುವುದಂತೆ, ತಿರುಗಿ ಕೊಡುವುದು ಅಂತ ಇಲ್ಲವಂತೆ. ಸುಂದರಿ ಅದನ್ನು ಅವನ ಕೈಯಿಂದ ಕಿತ್ತು ಮೇಜಿನ ಮೇಲೆ ಕುಕ್ಕಿದಳು. ಮೇಜಿನ ಗಾಜು ಉದ್ದಕ್ಕೂ ಸೀಳಿತು. ಕಾವಲಿನವನು ಬಂದು ಅವಳ ತೋಳು ಹಿಡಿದು ಹೊರಗೆಳೆದ. ಬಾಗಿಲಿಗೆ ಬಡಿದು ಮೊಣಕೈ ತರಚಿತು. "ಕೊಟ್ಟಾಯ್ತು! ಇನ್ನು ಅದು ನಿಮ್ಮದು!" ಎಂದು ಅವಳು ಮೆಟ್ಟಿಲ ಮೇಲಿಂದ ಕೂಗಿದ್ದು ಇಂಚರಳ ಮೊಬೈಲಿನಲ್ಲಿ ದಾಖಲಾಯಿತು. ಹುಡುಗಿ ಅದನ್ನು ಇಂಟರ್ನೆಟ್ಟಿನಲ್ಲಿ ಹಾಕಿದಳು. ಎರಡು ದಿನದಲ್ಲಿ ಲಕ್ಷ ಜನ ನೋಡಿದರು.

ಮೂರನೆಯ ದಿನ ಪುಂಡರೀಕಾಕ್ಷ ಬಂದ. ಸಾನಪಾಡಾದಲ್ಲಿ ಎರಡು ಹೋಟೆಲು, ಊರಿನಲ್ಲಿ ದೈವದ ಯಜಮಾನಿಕೆಯಿರುವ ಗುತ್ತಿನ ಮನೆ, ನವಿ ಮುಂಬಯಿಯ ದೈವ ಮರ್ಯಾದಾ ಸಮಿತಿಗೆ ಅಧ್ಯಕ್ಷ. ಜೊತೆಗೆ ಐದು ಜನ. ಊರಿನಲ್ಲಿ ಅಂಥ ಮನೆಯವರ ಎದುರು ಸುಂದರಿ ಯಾವತ್ತೂ ಕೂತವಳಲ್ಲ. ಇಲ್ಲಿ ಅವನೇ ಅವಳ ಮನೆಯ ಸೋಫಾದಲ್ಲಿ ಕೂತು, "ಸುಂದರಿಯಕ್ಕಾ, ನೀವು ಹೆಣ್ಣು ಹುಲಿ," ಎಂದ.

ಅವಳ ಕಣ್ಣು ತುಂಬಿತು. ಅಕ್ಕ ಅಂದನಲ್ಲ.

"ಬರುವ ತಿಂಗಳ ಎರಡನೇ ಭಾನುವಾರ ಸಾನಪಾಡಾದ ಹಾಲಿನಲ್ಲಿ ನಿಮಗೆ ಸನ್ಮಾನ. ದಿಲ್ಲಿಯವರು ಕೊಟ್ಟದ್ದಕ್ಕಿಂತ ದೊಡ್ಡದು ಮಾಡ್ತೇವೆ. ಅದಿರ್ಲಿ ಅಕ್ಕ, ಆ ಸ್ಟೇಜಿನಲ್ಲಿ ಕುಣಿದವ ಯಾರು? ಮುಖಕ್ಕೆ ಬಣ್ಣ, ಗುರ್ತ ಸಿಗ್ಲಿಲ್ಲ. ನಮ್ಮ ಹುಡುಗರು ಹುಡುಕ್ತಾ ಇದ್ದಾರೆ."

ಚಹಾದ ತಟ್ಟೆ ಹಿಡಿದು ಬಂದ ಮಾನಸಿ ತಟಕ್ಕನೆ, "ಯಾರೋ ಬೆಂಗಳೂರಿನವರಂತೆ," ಎಂದಳು.

ದೈವದ ವಿಷಯದಲ್ಲಿ ಸುಂದರಿ ಸುಳ್ಳು ಹೇಳಿದವಳಲ್ಲ. ಸೊಸೆಯ ಮುಖ ನೋಡಿದಳು, ಪುಂಡರೀಕಾಕ್ಷನ ಮುಖ ನೋಡಿದಳು.

"ನನ್ನ ಮಗ, ಹಿತೇಶ," ಎಂದಳು. "ತಪ್ಪಾಗಿದೆ ಧನಿಗಳೇ. ಊರಿಗೆ ಕರ್ಕೊಂಡು ಹೋಗಿ ದೈವದ ಎದುರು ತಪ್ಪು ಕಾಣಿಕೆ ಹಾಕಿಸ್ತೇನೆ. ಅದು ನಮಗೂ ದೈವಕ್ಕೂ ಇರುವ ಮಾತು."

ಪುಂಡರೀಕಾಕ್ಷ ತನ್ನವರ ಕಡೆ ನೋಡಿದ. "ನಿಮ್ಮಂಥ ತಾಯಿ ಸಿಗುವುದಿಲ್ಲ," ಎಂದು ಎದ್ದ.

ಅವರು ಹೋದ ಮೇಲೆ ಮಾನಸಿ ಆರು ಲೋಟದ ಚಹಾವನ್ನು ಒಂದೊಂದಾಗಿ ಸಿಂಕಿಗೆ ಸುರಿದಳು. "ಒಂದಕ್ಕೂ ತುಟಿ ತಾಗಿಸ್ಲಿಲ್ಲ. ನೋಡಿದ್ರಾ ಮಾಮಿ?"

"ಸಕ್ಕರೆ ಕಾಯಿಲೆ ಇರಬಹುದು."

"ಆರೂ ಜನಕ್ಕಾ?"

ಸಂಜೆ ಹಿತೇಶನಿಗೆ ವಿಷಯ ತಿಳಿಯಿತು. ಅವತ್ತಿನಿಂದ ಅವನು ಬೇಗ ಹೊರಟು ತಡವಾಗಿ ಬರತೊಡಗಿದ. ಊಟ ಹೊರಗೇ.

ಒಂಬತ್ತನೆಯ ದಿನ ಶನಿವಾರ. ಅರ್ಧ ದಿನದ ಕೆಲಸ ಮುಗಿಸಿ ಹಿತೇಶ ಕೋಪರಖೈರಣೆ ಸ್ಟೇಷನ್ನಿನಲ್ಲಿ ಇಳಿದ. ರಿಕ್ಷಾ ನಿಲ್ದಾಣದ ಹತ್ತಿರ ಇಬ್ಬರು ಹೆಗಲ ಮೇಲೆ ಕೈಹಾಕಿ, ಹೆಸರು ಕೇಳಿ, ಟೆಂಪೋ ಹತ್ತಿಸಿದರು. ಹಿನ್ನೀರ ಖಾಡಿಯ ಪಕ್ಕದ ಖಾಲಿ ಜಾಗದಲ್ಲಿ ಇನ್ನೂ ನಾಲ್ವರು ಕಾಯುತ್ತಿದ್ದರು. ಅರಸಿನ ಪುಡಿಯನ್ನು ನೀರಿನಲ್ಲಿ ಕಲಸಿ ತಂದಿದ್ದರು. ಅವನ ಕೂದಲು ಹಿಡಿದು, ಕಣ್ಣೊಳಗೆ ಹೋಗುವಂತೆ ಅದನ್ನು ಮುಖಕ್ಕೆ ಬಳಿದರು.

"ಮಂತ್ರಿಗೆ ಮಂಡಿಯೂರಿದಿಯಲ್ಲ, ನಮಗೂ ಊರು."

ಅವನು ಊರಲಿಲ್ಲ. ಹಿಂದಿನಿಂದ ಒದ್ದು ಬೀಳಿಸಿದರು. ಮೊಣಕಾಲಲ್ಲೇ ಕಲ್ಲಿನ ಮೇಲೆ ಹತ್ತು ಮಾರು ನಡೆಸಿದರು. ಒಬ್ಬ ಮೊಬೈಲು ಹಿಡಿದಿದ್ದ. ಇನ್ನೊಬ್ಬ ಅವನ ಜಾತಿಗೆ ಊರಿನವರು ಇಟ್ಟ ಹಲ್ಕಾ ಹೆಸರು ಹಿಡಿದು ಕರೆಯುತ್ತ ಕಬ್ಬಿಣದ ರಾಡಿನಿಂದ ಎಡಗಾಲ ಹರಡಿಗೆ ಹೊಡೆದ. ಮೊದಲ ಏಟಿಗೆ ಹಿತೇಶ ಕೂಗಿದ. ಎರಡನೆಯದಕ್ಕೆ ವಾಂತಿ ಮಾಡಿಕೊಂಡ. ಮೂರನೆಯದು ಬಿದ್ದಾಗ ಅವನಿಗೆ ಪ್ರಜ್ಞೆ ಇರಲಿಲ್ಲ.

"ಕುಣಿಯುವುದು ನಿಮ್ಮ ಕೆಲಸ," ಎಂದು ಆ ವಿಡಿಯೋದಲ್ಲಿ ಒಂದು ದನಿ ಹೇಳುತ್ತದೆ. "ಎಲ್ಲಿ ಕುಣಿಯಬೇಕು ಅಂತ ಹೇಳುವುದು ನಮ್ಮ ಕೆಲಸ."

ಸಂಜೆಯೊಳಗೆ ಅದು ಎಲ್ಲರ ಮೊಬೈಲಿಗೂ ಬಂದಿತ್ತು. ಇಂಚರ ಟ್ಯೂಷನ್ನಿನಲ್ಲಿ ನೋಡಿದಳು. ಸುಂದರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಮೂರು ಸಲ ನೋಡಿದಳು. ರಾಡು ಹಿಡಿದವನ ಮುಖ ಅವಳಿಗೆ ಗೊತ್ತಿತ್ತು. ತನ್ನ ಮನೆಯ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಿದ್ದವನು. ಉಳಿದವರು ಅವನನ್ನು ಮನೀಶ ಎಂದು ಕರೆದಿದ್ದರು.

ಮೂರು ಪಕ್ಕೆಲುಬು ಮುರಿದಿತ್ತು. ಕಾಲಿನ ಹರಡಿನ ಎಲುಬು ಚೂರಾಗಿ ಸ್ಟೀಲಿನ ಪ್ಲೇಟು ಹಾಕಿದರು. ಪೊಲೀಸರು ಬಂದಾಗ ಹಿತೇಶ, "ಗಾಡಿ ತಾಗಿತು," ಎಂದ. ಅವರು ಬರುವ ಒಂದು ಗಂಟೆ ಮೊದಲು ಯಾರೋ ಹಣ್ಣು ಹಿಡಿದು ಬಂದು, ಅವನ ಮಗಳ ಶಾಲೆ, ಟ್ಯೂಷನ್ನು ಎಲ್ಲದರ ಸಮಯ ಒಪ್ಪಿಸಿ ಹೋಗಿದ್ದರು.

ಸುಂದರಿ ಹಾಸಿಗೆಯ ಬಳಿ ಬಂದಾಗ ಅವನು ಮುಖ ಗೋಡೆಗೆ ತಿರುಗಿಸಿದ. "ನೀನು ಹೋಗು. ಅವರಿಗೆ ಹೇಳಿಕೊಟ್ಟದ್ದು ನೀನು."

ಅವಳು ತಂದ ಗಂಜಿಯನ್ನು ಪಕ್ಕದ ಹಾಸಿಗೆಯವನಿಗೆ ಕೊಟ್ಟು ಬಂದಳು.

ನಾಲ್ಕು ದಿನದ ಮೇಲೆ ದಿಲ್ಲಿಯಿಂದ ಪಾರ್ಸೆಲ್ ಬಂತು. ಒಳಗೆ ಅದೇ ತಾಮ್ರಪತ್ರ, ಜೊತೆಗೊಂದು ಕಾಗದ. ಸಮ್ಮಾನವನ್ನು ಹಿಂಪಡೆಯಲು ನಿಯಮದಲ್ಲಿ ಅವಕಾಶವಿಲ್ಲ ಎಂದು ಇಂಚರ ಓದಿ ಹೇಳಿದಳು. ಅಷ್ಟರಲ್ಲಿ ಮಾನಸಿ ಆಸ್ಪತ್ರೆಯಿಂದ ಬಂದಳು. ಎರಡು ರಾತ್ರಿ ನಿದ್ದೆಗೆಟ್ಟ ಕಣ್ಣು. ಅತ್ತೆಯ ಮಡಿಲಲ್ಲಿ ತಾಮ್ರಪತ್ರ ಕಂಡಿತು.

"ವಾಪಸ್ ಬಂತಾ? ಒಳ್ಳೇದಾಯ್ತು. ನನ್ನ ಗಂಡನ ಕಾಲು ವಾಪಸ್ ಬರ್ತದಾ ಮಾಮಿ?"

"ಮಾನಸಿ..."

"ನಾನು ಬೆಂಗಳೂರಿನವರು ಅಂದೆ! ಆ ಒಂದು ಸುಳ್ಳು ಸಾಕಿತ್ತು. ನಿಮಗೆ ಸತ್ಯ ಹೇಳ್ಬೇಕಿತ್ತು. ಧನಿಗಳೇ ಅಂತ ಅವನ ಎದುರು ಕೈಮುಗೀಬೇಕಿತ್ತು!"

ತಾಮ್ರಪತ್ರವನ್ನು ಕಿತ್ತು ಎಸೆದಳು. ಗೋಡೆಗೆ ಎಸೆದದ್ದೋ ಅತ್ತೆಗೆ ಎಸೆದದ್ದೋ ಅವಳಿಗೇ ಗೊತ್ತಿರಲಿಲ್ಲ. ಅದರ ಮೂಲೆ ಸುಂದರಿಯ ಹಣೆಯನ್ನು ಸೀಳಿತು. ರಕ್ತ ಹುಬ್ಬು ದಾಟಿ ಕಣ್ಣಿಗಿಳಿಯಿತು. "ಮಮ್ಮೀ, ಬಸ್ ಕರೋ!" ಎಂದು ಇಂಚರ ತಾಯಿಯನ್ನು ದೂಡಿದಳು. ಮಾನಸಿ ಫ್ರಿಜ್ಜಿಗೆ ಹೋಗಿ ಬಡಿದಳು. ಎದ್ದವಳು ತನ್ನದೇ ದುಪಟ್ಟಾವನ್ನು ಅತ್ತೆಯ ಹಣೆಗೊತ್ತಿ ಹಿಡಿದು, ಕೆಳಗಿನ ಕ್ಲಿನಿಕ್ಕಿಗೆ ನಡೆಸಿಕೊಂಡು ಹೋದಳು. ನಾಲ್ಕು ಹೊಲಿಗೆ ಬಿತ್ತು.

"ನೋವುಂಟಾ?" ಎಂದು ಮೆಟ್ಟಿಲು ಹತ್ತುವಾಗ ಕೇಳಿದಳು.

"ಉಂಟು."

"ಬೇಕೂಂತ ಹೊಡೆದದ್ದಲ್ಲ."

"ಬೇಕೂಂತ ಹೊಡೆದ್ರೂ ತಪ್ಪಿಲ್ಲ." ಸುಂದರಿ ಸ್ವಲ್ಪ ನಿಂತು ಉಸಿರು ತೆಗೆದುಕೊಂಡಳು. "ಅಕ್ಕ ಅಂದ ಅಂತ ಮರುಳಾದೆ, ಮಾನಸಿ. ಅರವತ್ತೆಂಟು ವರ್ಷದಲ್ಲಿ ಅವರಲ್ಲಿ ಒಬ್ಬರೂ ಅಂದಿರ್ಲಿಲ್ಲ."

ಮರುದಿನ ಅವಳು ತಾಮ್ರಪತ್ರವನ್ನು ತೊಳೆದು, ಒರೆಸಿ, ಇಂಚರಳ ಕೈಗೆ ಕೊಟ್ಟು ಮತ್ತೆ ದಿಲ್ಲಿಗೆ ಕಳಿಸು ಎಂದಳು.

"ಅಬ್ ಭೀ, ಅಜ್ಜಿ? ಇತನಾ ಸಬ್ ಹೋನೇ ಕೇ ಬಾದ್?" ಇಷ್ಟೆಲ್ಲ ಆದ ಮೇಲೂ ಕಳಿಸುವುದಾ ಎಂದು ಹುಡುಗಿಗೆ ಆಶ್ಚರ್ಯ.

"ದಿಲ್ಲಿಯವರು ಮಾಡಿದ್ದು ತಪ್ಪೇ. ಇವರು ಹೊಡೆದ್ರು ಅಂತ ಅದು ಸರಿ ಆಗುವುದಿಲ್ಲ."

ಶುಕ್ರವಾರ ಪುಂಡರೀಕಾಕ್ಷನ ಫೋನು ಬಂತು. "ಅಕ್ಕ, ಹುಡುಗರು ಸ್ವಲ್ಪ ಜಾಸ್ತಿ ಮಾಡಿದ್ರು. ಬಿಸಿರಕ್ತ. ಆಸ್ಪತ್ರೆಯದ್ದು ಸಮಿತಿಯಿಂದ ನೋಡಿಕೊಳ್ತೇವೆ. ಪೊಲೀಸು ಗಿಲೀಸು ಅಂತ ಹೋದ್ರೆ ಊರಿನಲ್ಲಿ ನಿಮ್ಮ ಮನೆ ಉಂಟು, ತಮ್ಮಂದಿರು ಇದ್ದಾರೆ, ಗೊತ್ತುಂಟಲ್ಲ. ಭಾನುವಾರ ಹನ್ನೊಂದಕ್ಕೆ ಕಾರು ಕಳಿಸ್ಲಾ?"

"ಕಳಿಸಿ," ಎಂದಳು ಸುಂದರಿ.

ಕೇಳಿಸಿಕೊಂಡ ಮಾನಸಿ ಬಾಗಿಲು ಬಡಿದು ಆಸ್ಪತ್ರೆಗೆ ಹೊರಟಳು. ಭಾನುವಾರ ಸುಂದರಿ ದಿಲ್ಲಿಗೆ ಉಟ್ಟುಹೋಗಿದ್ದ ರೇಷ್ಮೆ ಸೀರೆಯನ್ನೇ ಉಟ್ಟಳು. ಹಣೆಯ ಪಟ್ಟಿಯ ಮೇಲೆ ಸೆರಗು ಎಳೆದುಕೊಳ್ಳಲಿಲ್ಲ. ಕಾರು ಬಂದಾಗ, "ನೀನೂ ಬಾ. ನನಗೆ ಮರಾಠಿ ಬರುವುದಿಲ್ಲ," ಎಂದಳು.

"ಸನ್ಮಾನಕ್ಕೆ ಮರಾಠಿ ಯಾಕೆ?"

"ಬಾ ನೀನು."

ಡ್ರೈವರ್ ಚೆನ್ನಯ ಊರಿನ ಕಡೆಯವನೇ. ಸೆಕ್ಟರಿನ ತಿರುವು ದಾಟುವಾಗ ಸುಂದರಿ ಹೇಳಿದಳು: "ಮಗಾ, ಇಲ್ಲಿ ಎಡಕ್ಕೆ ತೆಗೊ. ಪೊಲೀಸ್ ಸ್ಟೇಷನ್ನಿಗೆ."

ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ. "ಅಮ್ಮಾ, ಧನಿಗಳು ನನ್ನನ್ನು ಕೆಲಸದಿಂದ ತೆಗೀತಾರೆ."

"ಹಾಗಾದ್ರೆ ಇಲ್ಲೇ ಇಳಿಸು. ನಡೀತೇವೆ."

ಚೆನ್ನಯ ಎಡಕ್ಕೆ ತಿರುಗಿಸಿದ.

ಸ್ಟೇಷನ್ನಿನಲ್ಲಿ ಮೊದಲು ಒಬ್ಬ ಹವಾಲ್ದಾರ, ನಿಮ್ಮ ಮಗನೇ ಗಾಡಿ ತಾಗಿತು ಅಂದಿದ್ದಾನೆ, ಇನ್ನೇನು ಎಂದ. ಸುಂದರಿ ಮನೆಯಿಂದ ತಂದಿದ್ದ ಇಂಚರಳ ಮೊಬೈಲು ತೆಗೆದು ವಿಡಿಯೋ ಹಾಕಿದಳು. ಮಗನ ಕೂಗಿಗೆ ಆಚೆ ಮೇಜಿನ ಸಬ್ ಇನ್‌ಸ್ಪೆಕ್ಟರ್ ಎದ್ದು ಬಂದಳು. ಮೂವತ್ತರ ಹೆಂಗಸು. ಪೂರ್ತಿ ನೋಡಿ, ಕುರ್ಚಿ ಎಳೆದುಕೊಟ್ಟಳು.

"ಇವನು ಮನೀಶ," ಎಂದು ಸುಂದರಿ ಪರದೆಗೆ ಬೆರಳಿಟ್ಟಳು. "ಪುಂಡರೀಕಾಕ್ಷನ ಜೊತೆ ನನ್ನ ಮನೆಗೆ ಬಂದಿದ್ದ. ಕುಣಿದವ ಯಾರು ಅಂತ ಕೇಳಿದ್ದು ಪುಂಡರೀಕಾಕ್ಷ. ಹೇಳಿದ್ದು ನಾನು. ಅದನ್ನೂ ಬರ್ಕೊಳ್ಳಿ."

ಮಾನಸಿ ಮೊದಲಿನದ್ದನ್ನು ಮರಾಠಿಯಲ್ಲಿ ಹೇಳಿ, ಕೊನೆಯದಕ್ಕೆ ತಡವರಿಸಿದಳು. "ಮಾಮಿ, ಅದು ಬೇಡ. ನಿಮ್ಮ ಮೇಲೆ ಬರ್ತದೆ."

"ಬರ್ಲಿ. ಅದು ಇಲ್ಲದಿದ್ರೆ ಅವನು ತಪ್ಪಿಸಿಕೊಳ್ತಾನೆ. ಹೇಳು."

ಮಾನಸಿ ಹೇಳಿದಳು. ಕಂಪ್ಯೂಟರಿನ ಎದುರು ಕೂತವನು ಟೈಪು ಮಾಡಿದ. ಜಾತಿ ಯಾವುದು ಎಂದು ಕೇಳಿ ತಿಳಿದುಕೊಂಡು, ಅದು ನಮ್ಮ ಮಹಾರಾಷ್ಟ್ರದ ಪರಿಶಿಷ್ಟರ ಪಟ್ಟಿಯಲ್ಲಿ ಇಲ್ಲ ಎಂದ.

"ಪಟ್ಟಿಯಲ್ಲಿ ಇಲ್ಲದ ಜಾತಿಗೂ ಎಲುಬು ಇದೆ," ಎಂದಳು ಸುಂದರಿ. ಅದನ್ನು ಮಾನಸಿ ತಡವರಿಸದೆ ಹೇಳಿದಳು. ಸಬ್ ಇನ್‌ಸ್ಪೆಕ್ಟರ್, ಕಲಮು ಯಾವುದೆಂದು ನಾನು ನೋಡ್ತೇನೆ, ನೀನು ಬರಿ ಎಂದು ಅವನನ್ನು ಗದರಿಸಿದಳು. ಆಮೇಲೆ ಕೇಳಿದಳು: ವಿಡಿಯೋದಲ್ಲಿ ಬೈಯುತ್ತಿರುವ ಆ ತುಳು ಶಬ್ದ ಯಾವುದು? ಯಥಾವತ್ತಾಗಿ ದೂರಿನಲ್ಲಿ ಬರಬೇಕು.

ಮಾನಸಿ ತಲೆ ತಗ್ಗಿಸಿದಳು. ತಾನು ಓದಿದ ಡೊಂಬಿವಲಿಯ ಶಾಲೆಯಲ್ಲಿ, ಅಂಗಡಿಯಲ್ಲಿ, ಸೊಸೈಟಿಯಲ್ಲಿ ಆ ಶಬ್ದ ಯಾರ ಕಿವಿಗೂ ಬೀಳದಂತೆ ಬದುಕಿದ್ದವಳು ಅವಳು.

"ನೀನು ಬಿಡು," ಎಂದಳು ಸುಂದರಿ. "ನಾನು ಹೇಳ್ತೇನೆ."

ಹೊರಗೆ ಬಂದಾಗ, ಕಾರು ಬಾರದ್ದು ಕಂಡು ಹುಡುಕಿಕೊಂಡು ಬಂದ ಪುಂಡರೀಕಾಕ್ಷ ಅಂಗಳದಲ್ಲಿ ನಿಂತಿದ್ದ. ರೇಷ್ಮೆ ಶರ್ಟು, ಎದೆಗೆ ಸಮಿತಿಯ ಬ್ಯಾಡ್ಜು. ಅತ್ತ ಸನ್ಮಾನದ ಹಾಲಿನಲ್ಲಿ ಮುನ್ನೂರು ಜನ ಕಾಯುತ್ತಿದ್ದರು. "ನನ್ನ ಕಾರಿನಲ್ಲಿ ಕೂತು ನನ್ನ ಮೇಲೇ ಕಂಪ್ಲೇಂಟಾ?" ಎಂದು ಮುಂದೆ ಬಂದವನು ಚೆನ್ನಯನ ಕೆನ್ನೆಗೆ ಬಾರಿಸಿದ. ಅಡ್ಡ ಬಂದ ಮಾನಸಿಯ ಕುತ್ತಿಗೆಗೆ ಕೈಹಾಕಿದ. ಇಬ್ಬರು ಕಾನ್‌ಸ್ಟೇಬಲ್‌ಗಳು ಅವನನ್ನು ಹಿಡಿದು ಒಳಗೆಳೆದುಕೊಂಡು ಹೋದರು. ಅಕ್ಕ ಎಂದಿದ್ದ ಬಾಯಿಂದ ಅದೇ ಶಬ್ದ ಸ್ಟೇಷನ್ನಿನ ಮೆಟ್ಟಿಲ ಮೇಲೆ ಮತ್ತೊಮ್ಮೆ ಬಂತು. ಸಬ್ ಇನ್‌ಸ್ಪೆಕ್ಟರ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

ಆ ವಾರ ಮನೀಶ ಸೇರಿ ನಾಲ್ವರು ಸಿಕ್ಕಿದರು. ಪುಂಡರೀಕಾಕ್ಷ ಹನ್ನೆರಡು ದಿನದ ಮೇಲೆ ಜಾಮೀನಿನಲ್ಲಿ ಹೊರಬಂದ. ಕೋಪರಖೈರಣೆಯ ಮನೆಯ ಕಿಟಕಿಗೆ ಎರಡು ಸಲ ಕಲ್ಲು ಬಿತ್ತು. ಎರಡನೆಯ ಸಲ ಗಾಜಿನ ಚೂರು ಇಂಚರಳ ಮುಂಗೈ ಹೊಕ್ಕಿತು. ಊರಿನಲ್ಲಿ ಸುಂದರಿಯ ತಮ್ಮನ ಬೈಕಿಗೆ ಬೆಂಕಿ ಹಚ್ಚಿದರು. ಸೊಸೈಟಿಯ ಸೆಕ್ರೆಟರಿ ಬಂದು, ಕಷ್ಟ ಅರ್ಥವಾಗ್ತದೆ, ಆದರೆ ಬೇರೆ ಮೆಂಬರುಗಳು ಕೇಳ್ತಿದ್ದಾರೆ ಎಂದು ಕೆಮ್ಮಿ ಹೋದ. ಮಾನಸಿ ಕಿಟಕಿಗೆ ಪ್ಲೈವುಡ್ ಹೊಡೆಸಿದಳು. ಮಗಳನ್ನು ಶಾಲೆಗೆ ತಾನೇ ಬಿಟ್ಟು ಅಂಗಡಿಗೆ ಹೋಗತೊಡಗಿದಳು. ಚೆನ್ನಯ ಈಗ ಬೇರೆಯವರ ಟೆಂಪೋ ಓಡಿಸುತ್ತಿದ್ದ.

ಆಸ್ಪತ್ರೆಯಲ್ಲಿದ್ದಾಗಲೇ ಹಿತೇಶ ಎರಡನೆಯ ಹೇಳಿಕೆ ಕೊಟ್ಟಿದ್ದ, ಆರೂ ಜನರನ್ನು ಗುರುತಿಸಿ. ಕೊಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಾನಸಿ ಸ್ಟೇಷನ್ನಿನಲ್ಲಿ ನಡೆದದ್ದನ್ನು ಹೇಳಿ ಸುಮ್ಮನಾಗಿದ್ದಳು, ಅಷ್ಟೇ. ಆದರೆ ಮನೆಗೆ ಬಂದ ಮೇಲೂ ಅವನು ತಾಯಿಯ ಹತ್ತಿರ ಮಾತಾಡಲಿಲ್ಲ. ಬೇಕಾದದ್ದನ್ನು ಮಗಳ ಮೂಲಕ ಕೇಳುತ್ತಿದ್ದ.

ಮೂರನೆಯ ದಿನ ಮಧ್ಯಾಹ್ನ ಮಾನಸಿ ಅಂಗಡಿಯಲ್ಲಿ, ಇಂಚರ ಶಾಲೆಯಲ್ಲಿ. ಮನೆಯಲ್ಲಿ ಇಬ್ಬರೇ. ಸುಂದರಿ ಗಂಜಿ, ಚಟ್ನಿ, ಎರಡು ಹುರಿದ ಬೂತಾಯಿ ತಂದು ಅವನ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ತಿರುಗಿದಳು.

"ಅಮ್ಮ," ಎಂದ.

ಅವಳು ನಿಂತಳು.

"ಆ ಶಬ್ದವನ್ನು ಪೊಲೀಸರ ಎದುರು ನೀನೇ ಹೇಳಿದ್ದಂತೆ?"

"ಹೌದು."

"ದೊಡ್ಡ ಸ್ವರದಲ್ಲಾ?"

"ನನಗೆ ಸಣ್ಣ ಸ್ವರ ಎಲ್ಲಿ ಉಂಟು?"

ಅವನು ಮೀನಿನ ಮುಳ್ಳು ಬಿಡಿಸುತ್ತ, ತಲೆ ಎತ್ತದೆ ಕೇಳಿದ: "ಎಷ್ಟು ಸಲ ಹೇಳಿದಿ?"

"ಅವನಿಗೆ ಸರಿಯಾಗಿ ಬರೀಲಿಕ್ಕೆ ಬರುವ ತನಕ," ಎಂದಳು ಸುಂದರಿ.